ತಗಡಿನ ಕೆಳಗ ಒಂದು ಎಳಿ

ಮುದ್ದಿ ಮಾಳಗಿ ಕಿತ್ತಿ ತಗಡ ಹೊದಿಸಿದ ವರ್ಷ
ಸೋರೂದು ನಿಂತಿತು, ಖರೆ.
ಮರುವರ್ಷ ಬಿಸಲಿಗಂತ ತಗಡಿನ ಕೆಳಗ
ಬಿಳಿ ಹಲಗಿ ಬಡಿಸಿದ್ವಿ.
ಗೋಡಿಗೂ ತಗಡಿಗೂ ನಡುವಿನ ಸಂದ್ಯಾಗ
ಹರಕ ಅರಬಿ ತುರುಕಿ, ಸಿಮೆಂಟ ಮೆತ್ತಿ,
ಧೂಳಿಗೆ, ಇಲಿಗೆ, ಗಾಳಿಗೆ
ಒಂದ ಸಲಕ್ಕ ಕದ ಹಾಕಿದ್ವಿ.

ಮ್ಯಾಲ ಉಳದದ್ದು
ಕುಂತ್ರ ತಲಿ ತಾಗೂವಷ್ಟು ಅಟ್ಟ.
ರೇಷ್ಮಿ ಲಡಿ ಇಡಾಕ ಬೇಸಾತು ಅಂದ್ರು ಎಲ್ಲಾರು,
ನಾನೂ ಅಂದೆ.

ಏಪ್ರಿಲ್‌ದಾಗ ಎಳಿ ಹರಿಯಾಕ ಹತ್ತಿದ್ವು.
ಒಂದು ಖಣಕ್ಕ ಇಪ್ಪತ್ತು ಸಲ, ಒಮ್ಮೊಮ್ಮೆ ಮೂವತ್ತು.
ಗುಣ್ಯಾಗ ಕಾಲ ಇಳಿಬಿಟ್ಟು ಕುಂತ ನಮ್ಮವರಿಗೆ
ನೇಯೂದಕ್ಕಿಂತ ಗಂಟ ಹಾಕೂದ ಹೆಚ್ಚಾತು.
ಕಾಲು ತಂಪ ಮಣ್ಣಾಗ, ತಲಿ ಒಲಿಯಾಗ.
ನಾ ಸುತ್ತಿ ಕೊಟ್ಟ ಕಂಡಿಕಿ
ಬೆರಳಿಗೆ ಹುರಿದ ಶ್ಯಾವಿಗಿ ಹತ್ತಿದಂಗ ಹತ್ತತಿತ್ತು.
ಅತ್ತಿ ಉಪ್ಪು ಮೆಣಸಿನಕಾಯಿ ಇಳಿಸಿ
ಮಗ್ಗದ ದೃಷ್ಟಿ ತಗದ್ರು.
ನೂಲ ಕೊಟ್ಟ ಸಾವಕಾರ, ನಿಮ್ಮ ಕೈ ಸುಮಾರ ಅಂದ.

ಆಮ್ಯಾಲ ಬಂದಾಂವ ಬಂದಗಿಸಾಬ,
ಗುಳೇದಗುಡ್ಡದ ಡಬ್ಬಿ ಕೊಳವಿಗೆಲ್ಲಾ
ಬೆಸಿಗಿ ಹಾಕಿ ಹಾಕಿ ಹುಬ್ಬು ಸುಟಗೊಂಡ ಮುದುಕ.
ನಿಚ್ಚಣಕಿ ಹತ್ತಿ, ಹಲಗಿ ಒಂದ ಸರಿಸಿ
ಮೊಣಕೈತನಕ ಕೈ ಹಾಕಿ ತಟ್ಟನ ತಗದ.
"ರೊಟ್ಟಿ ಬಡದು ಇಲ್ಲೇ ಇಡಬೇ ತಂಗಿ,
ಗ್ಯಾಸ ಉಳೀತೈತಿ."

ಗೋಡಿಯ ನೆತ್ತ್ಯಾಗ, ತಗಡಿಗೆ ಹತ್ತಿ
ಅಂಗೈ ಎರಡರಷ್ಟು ಕಿಂಡಿ ಕೊರದ.
ಗುಬ್ಬಿ ಹೊಗದಂಗ ಜಾಳಗಿ ಬಡದ.
"ಒಂದ ಎಳಿ ಕೊಡು."
ಕೊಟ್ಟೆ, ದಡಿಗಿ ಹಾಕೂ ಕೆಂಪಂದು.
ಜಾಳಗಿ ಹೊರಮೈಗೆ ಕಟ್ಟಿ ಇಳದು ಬಂದು
ಅಂಗಳದಾಗ ನಿಂತು ಬೀಡಿ ಹಚ್ಚಿದ.

ಎಳಿ ಅಲ್ಲಾಡಲಿಲ್ಲ.

"ತೂತಿಗೆ ರೊಕ್ಕ ಕೊಡಬೇಕೇನ ಈಗ?" ಅತ್ತಿ.
ಮುದುಕ ನಕ್ಕ, ಹಲ್ಲು ಮೂರ ಇದ್ವು.
"ಹೋಗಾಕ ನಾ ದಾರಿ ಕೊಟ್ಟೆ.
ಬರಾಕ ನೀವ ಎಲ್ಲಿ ಕೊಟ್ಟೀರಿ?"

ನಾನ ಹತ್ತಿದೆ.
ಅಂಚಿನ ಸಂದಿಗೆ ಮೆತ್ತಿದ ಸಿಮೆಂಟ ಉಳಿಯಿಂದ ಎಬ್ಬಿಸಿ
ಚಿಂದಿ ಜಗ್ಗಿದೆ.
ಮೊದಲ ಅತ್ತಿಯ ಇಳಕಲ್ಲ ಸೀರಿ ತುಂಡು,
ಆಮ್ಯಾಲ ಗಂಡನ ಬನಿಯನ್ನು,
ಕಡೀಕ ನನ್ನ ಮದವಿ ಕುಬಸದ ತೋಳು.
ಯಾರ ಹರದು ತುರುಕಿದ್ರೋ, ಕೇಳಲಿಲ್ಲ.
ಆ ಸಂದ್ಯಾಗಿಂದ ಮಾರಿಗೆ ಹೊರಗಿನ ಗಾಳಿ
ಬೇವಿನ ನೆರಳ ಹೊತ್ತಕೊಂಡು ಬಡೀತು.

"ನೋಡ ಬಾ" ಅಂದ ಕೆಳಗಿಂದ.
ಕೆಂಪ ಎಳಿ ಮಲಗಿದ್ದು ಎದ್ದು
ಗುಡ್ಡದ ಕಡೆ ಕೈಚಾಚಿತ್ತು.

ಅತ್ತಿ ಬಾಳ ಹೊತ್ತು ಮಾತಾಡಲಿಲ್ಲ.
ಆಮ್ಯಾಲ ಯಾರಿಗಂತಿಲ್ಲದ ಅಂದ್ರು:
"ಮಾಳಗ್ಯಾಗ ಬೆಳಕಿಂಡಿ ಇತ್ತು ಆವಾಗ.
ಮೋಡ ಕಂಡ್ರ ಓಡಿ ಹೋಗಿ
ಅದರ ಮ್ಯಾಲ ಗಡಗಿ ಬೋರಲ ಹಾಕತಿದ್ದೆ.
ಒಮ್ಮೆ ಎಡವಿ ಹಲ್ಲು ಮುರಕೊಂಡೆ."

ಕಿಂಡಿಯಿಂದ ಬ್ಯಾನಿನೂ ಬಂದು, ಸುಳ್ಯಾಕ ಹೇಳಲಿ.
ಬಾಜೂ ಮನಿ ಲಕುಮವ್ವನ ಮಿರ್ಚಿ ಕಮಟು,
ಅವರ ಟೀವಿಯಾಗಿನ ಸೊಸಿಯ ಅಳು,
ಗಾಳಿ ದಿನಾ ಇದ್ರ ಹಲಗಿ ಮ್ಯಾಲ ಬೆರಳ ಧೂಳು.
ಎಳಿ ಹರಿಯೂದು ಪೂರಾ ನಿಂತಿಲ್ಲ,
ಇಪ್ಪತ್ತಿದ್ದದ್ದು ಆರಕ್ಕ ಬಂದೈತಿ.
ಆ ಆರಕ್ಕ ಅತ್ತಿ ಇನ್ನೂ ಉಪ್ಪು ಇಳಿಸ್ತಾರ.

ಕೆಂಪ ಎಳಿ ಬಿಚ್ಚಿಲ್ಲ ನಾವು.
ಬಣ್ಣ ಹೋಗಿ ಈಗ ಇಟ್ಟಂಗಿ ಪುಡಿಯಂಗಾಗೇತಿ.
ಹಗಲೆಲ್ಲಾ ಹೊರಗ ಹಾರತೈತಿ.
ರಾತ್ರಿ, ತಗಡ ತಣ್ಣಗಾಗಿ ಟಿಕ್ ಟಿಕ್ ಅನ್ನೂ ಹೊತ್ತಿಗೆ
ಜಾಳಗಿಗೆ ಮೈ ಹಚ್ಚಿ
ಒಳಗ ಏನೋ ಕೇಳಿಸಿಕೊಂತಿದ್ದಂಗ ಇರತೈತಿ.
ಅದ್ಯಾಕ ಹಂಗಂತ ನನಗ ತಿಳಿದಿಲ್ಲ.
ಉಳದ ಐವತ್ತು ರೂಪಾಯಿಗೆ
ಬಂದಗಿಸಾಬ ಬಂದಾಗ ಕೇಳಬೇಕು.