ಇನ್ನೂರು ಎಲೆ

ಅಪ್ಪ ಆಲೂಗಡ್ಡೆ ಕೂಗುತ್ತಿದ್ದ.
ಹಾಸನದ ಮಾರುಕಟ್ಟೆಯಲ್ಲಿ, ಮೂಟೆಗಳ ಮೇಲೆ ನಿಂತು,
ತಲೆಗೆ ಟವೆಲು ಬಿಗಿದು: ಒಂದ್ ಸಾರಿ, ಎರಡ್ ಸಾರಿ...
ಆಮೇಲೆ ನಿಲ್ಲುತ್ತಿದ್ದ.
ಮೂರಕ್ಕೆ ಮುಂಚಿನ ಆ ತೆರಪಿನಲ್ಲಿ
ಯಾರ ಹೆಗಲು ಅಲುಗಿತು, ಯಾರು ಜೇಬು ಮುಟ್ಟಿಕೊಂಡರು,
ನೊಣ ಯಾವ ಮೂಟೆಯಿಂದ ಎದ್ದಿತು, ಎಲ್ಲ ನೋಡುತ್ತಿದ್ದ.
ಚೀಟಿ ಬರೆಯುವ ಮೇಜಿನ ಕೆಳಗೆ ಕೂತು ನಾನು
ಮಣ್ಣು ಮೆತ್ತಿದ ಚಪ್ಪಲಿ ಎಣಿಸುತ್ತಿದ್ದೆ.
ನಾನು ಓದಿದ್ದು ಅಷ್ಟೇ.

ಈಗ ಬಿ.ಎಂ. ರಸ್ತೆಯ ಬೇಕರಿಯ ಮೇಲಿನ ಹಾಲ್.
ನಲವತ್ತು ಕುರ್ಚಿ, ಇಪ್ಪತ್ತಾರು ಜನ,
ನನಗಿಂತ ಮೊದಲೇ ಮೆಟ್ಟಿಲು ಹತ್ತಿ ಬಂದ
ಬಿಸಿ ಬನ್ನಿನ ವಾಸನೆ.
ನಿರೂಪಕ "ಕುಮಾರಿ ಇಂದ್ರಾಣಿ" ಅಂದ.
ಮೂರನೇ ಸಾಲಿನಿಂದ ನನ್ನ ಮಗಳು
"ಅಮ್ಮಾ, ಉಚ್ಚೆ" ಅಂದಳು.
ಆ ಸಂಜೆಯ ಮೊದಲ ನಗು ಅವಳದು.

ಮೂರು ಹಾಳೆ ಬರೆದುಕೊಂಡು ಹೋಗಿದ್ದೆ.
ಅತ್ತೆಯ ಜೋಕು ಬಿತ್ತು. ಗ್ಯಾಸ್ ಸಿಲಿಂಡರಿನದೂ ಬಿತ್ತು.
ಮುಂದಿನ ಸಾಲಿನ ಗಂಡಸರು ಕೈಕಟ್ಟಿ ಕೂತಿದ್ದರು,
ಹೆಣ್ಣು ನೋಡಲು ಬಂದು
ಉಪ್ಪಿಟ್ಟಿನಲ್ಲಿ ಕಲ್ಲು ಕಡಿದವರಂತೆ.
ಮೂರನೇ ಹಾಳೆ ಮರೆತೇ ಹೋಯಿತು.
ನಾಲಿಗೆ ಅಂಗುಳಕ್ಕೆ ಅಂಟಿತು.
ಕೆಳಗೆ ಯಾರೋ ಅರ್ಧ ಕೇಜಿ ಖಾರಾ ಕೇಳಿದ್ದು
ಮೈಕಿಗೂ ಕೇಳಿಸಿತು.

ಆಗ ಮೂಲೆಯವನ ಫೋನು ಬಡಿದುಕೊಂಡಿತು.
ಬಾಯಿಗೆ ಕೈ ಅಡ್ಡ ಹಿಡಿದು ಅವನು:
"ಎಲೆ ಕಟ್ಟಿಸ್ತಾ ಇದೀನಿ ಕಣೇ...
ತಿಥಿಗೆ ಇನ್ನೂರು ಸಾಕಾ?"

ನಾನು ಯೋಚಿಸಲಿಲ್ಲ. ಬಾಯಿಯೇ ಯೋಚಿಸಿತು.
"ಸ್ವಲ್ಪ ತಡೀರಿ ಸಾರ್,
ನಂಗಿನ್ನೂ ಹತ್ತು ನಿಮಿಷ ಜೀವ ಇದೆ!"

ಕಾದೆಣ್ಣೆಗೆ ನೀರು ಬಿದ್ದ ಹಾಗೆ ಹಾಲ್ ಸಿಡಿಯಿತು.
ಕಟ್ಟಿದ ಕೈಗಳು ಬಿಚ್ಚಿಕೊಂಡವು.
"ಅದೂ ಇನ್ನೂರು ಎಲೆ!
ಬದುಕಿದ್ದಾಗ ಬಂದಿರೋದೇ ಇಪ್ಪತ್ತಾರು ಜನ!"
ಅವನೇ ಎಲ್ಲರಿಗಿಂತ ಹೆಚ್ಚು ನಕ್ಕ,
ಕುರ್ಚಿಯ ಕೈ ಹಿಡಿದು, ಕಣ್ಣೊರೆಸಿಕೊಂಡು.
ಮೈಕು ನನ್ನ ಕೈಯಲ್ಲಿ ಬಿಸಿಯಾಗಿತ್ತು,
ಆಗತಾನೇ ಅಗೆದ ಗೆಡ್ಡೆಯಂತೆ.

ಇಳಿದು ಬಂದರೆ ಬೇಕರಿಯ ಮುಂದೆ ಅವನ ಟಿವಿಎಸ್,
ಹಿಂದೆ ಒದ್ದೆ ಗೋಣಿ ಸುತ್ತಿದ ಬಾಳೆಎಲೆಯ ಕಟ್ಟು.
"ಅಣ್ಣಂದು," ಅಂದ.
"ಹತ್ತು ದಿನದಿಂದ ಮನೇಲಿ ಯಾರೂ ಜೋರಾಗಿ ಉಸಿರು ಬಿಟ್ಟಿಲ್ಲ.
ಮೇಲೆ ನಗು ಕೇಳಿಸ್ತು. ಹತ್ತಿಬಿಟ್ಟೆ."
ಉಚ್ಚೆಗೆ ನಕ್ಕ ನಗು ಅದು, ನನ್ನದಲ್ಲ, ಅನ್ನಬೇಕಿತ್ತು.
ತಪ್ಪಾಯ್ತು ಅನ್ನಬೇಕಿತ್ತು.
ವೇದಿಕೆಯಿಂದ ಇಳಿದ ಮೇಲೆ
ನನಗೆ ಒಂದು ಮಾತೂ ಥಟ್ಟನೆ ಬರುವುದಿಲ್ಲ.
"ನಾಳೆ ಊಟಕ್ಕೆ ಬನ್ನಿ," ಅಂದು ಕಿಕ್ ಹೊಡೆದ.

ಹೋದೆ. ಯಾಕೆ ಅಂತ ಗಂಡ ಕೇಳಿದ, ಗೊತ್ತಿಲ್ಲ ಅಂದೆ.
ಶಾಂತಿಗ್ರಾಮ, ಶಾಮಿಯಾನ, ಎರಡನೇ ಪಂಕ್ತಿ.
ನಾನು ನಗಿಸಿದ ಎಲೆ ನನ್ನ ಮುಂದೆ,
ಅದರ ಮೇಲೆ ವಡೆ, ಅಂಚಿಗೆ ಹರಿಯುತ್ತಿದ್ದ ಪಾಯಸ.
ಫೋಟೋದೊಳಗಿನವನಿಗೆ ಮುಂದಿನ ಹಲ್ಲಿನಲ್ಲಿ ಸಂದು,
ಏನೋ ಹೇಳಹೊರಟ ಬಾಯಿ;
"ಅಲ್ಲಾಡಬೇಡಿ" ಅಂದಿರಬೇಕು ಸ್ಟುಡಿಯೋದವನು.

ಯಾರಿದು, ಯಾವ ಕಡೆ ನೆಂಟರು, ಪಂಕ್ತಿಯಲ್ಲಿ ಗುಸುಗುಸು.
ಸಾರಿನ ಬಕೆಟ್ಟು ಹಿಡಿದವನು ಗಾಬರಿಯಲ್ಲಿ
"ಅಣ್ಣನಿಗೆ ಗೊತ್ತಿದ್ದೋರು" ಅಂದುಬಿಟ್ಟ.

ಕಂಬಕ್ಕೆ ಒರಗಿ ಕೂತಿದ್ದ ಅತ್ತಿಗೆ ತಲೆ ಎತ್ತಿದಳು.
ಎದ್ದು ಬಂದಳು. ನನ್ನೆದುರು ಕುಕ್ಕರಗಾಲಲ್ಲಿ ಕೂತಳು.
"ಹೌದಾ? ನಿಮ್ಮತ್ರ ಏನಂತಿದ್ರು?"

ಅಕ್ಕಪಕ್ಕದ ಎಲೆಗಳಲ್ಲಿ ಕೈಗಳು ನಿಂತವು.
ಬಕೆಟ್ಟೂ ನಿಂತಿತು.

ಒಂದ್ ಸಾರಿ.

ಅವಳ ಹೆಗಲು ನೋಡಿದೆ.

ಎರಡ್ ಸಾರಿ.