ವೈರ್‌ಲೆಸ್ ಕನ್ನಪ್ಪನವರ ಸೆಲ್ಲು

ಸಾಗರದ ಜೋಗ ರಸ್ತೆಯಲ್ಲಿ, ಟೈರು ಪಂಕ್ಚರಿನವನಿಗೂ
ಫೋಟೊ ಫ್ರೇಮಿನವನಿಗೂ ನಡುವೆ
ಆರಡಿ ಅಗಲದ ನನ್ನ ಅಂಗಡಿ.
ಮಂಗಳವಾರ, ಷಟರು ಇನ್ನೂ ಪೂರ್ತಿ ಎತ್ತಿರಲಿಲ್ಲ,
ಕೆಳಗಿನ ಸಂದಿಯಲ್ಲಿ ಎರಡು ಹವಾಯಿ ಚಪ್ಪಲಿ.
ಹೆಬ್ಬೆರಳ ಉಗುರು ನೋಡಿಯೇ ಗೊತ್ತಾಯಿತು:
ಕನ್ನಪ್ಪನವರು.

ಅರಣ್ಯ ಇಲಾಖೆಯ ವೈರ್‌ಲೆಸ್ ಸೆಟ್ಟುಗಳಿಗೆ
ಇಪ್ಪತ್ತೊಂಬತ್ತು ವರ್ಷ ವೈದ್ಯರಾಗಿದ್ದವರು.
ಸೋಲ್ಡರಿಂಗ್ ಕಡ್ಡಿಯನ್ನು ನನ್ನ ಕೈಗಿಟ್ಟವರು.
"ಜಸಿಂತಾ, ಇದು ಏಳ್ತಾ ಇಲ್ಲ ಮಾರಾಯ್ತಿ" ಎಂದು
ಕರ್ಚೀಪು ಬಿಚ್ಚಿ ಮೊಬೈಲು ತೋರಿಸಿದರು,
ಬಾವು ಬಂದ ಬೆರಳು ತೋರಿಸುವವರ ಹಾಗೆ.

ದಿನಾ ರಾತ್ರಿ ಸೊನ್ನೆಗಿಳಿಸಿ,
ಇಳಿಯದಿದ್ದರೆ ಟಾರ್ಚು ಹಚ್ಚಿ ಬಸಿದು,
ತಾನೇ ಸಾಯುವತನಕ ಕಾದು,
ಆಮೇಲೆ ಚುಚ್ಚಿ, ಬೆಳಗಿನವರೆಗೆ ನೂರು.
ಒಂದು ದಿನವೂ ತಪ್ಪಿಸಿಲ್ಲವಂತೆ.

ಈ ಶಿಸ್ತು ನನಗೆ ಗೊತ್ತು. ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ
ಅವರದೇ ಅಕ್ಷರ, ಹಸಿರು ಶಾಯಿ:
"ಪೂರ್ತಿ ಇಳಿಸು. ಆಮೇಲೆ ಪೂರ್ತಿ ಏರಿಸು."
ನಿಕ್ಕಲ್ ಕ್ಯಾಡ್ಮಿಯಂ ಸೆಲ್ಲುಗಳ ಕಾಲ.
ಅವಕ್ಕೆ ನೆನಪಿತ್ತು.
ಅರ್ಧ ಹಸಿವಿಗೇ ಮತ್ತೆ ಮತ್ತೆ ಉಣಿಸಿದರೆ
ತಮ್ಮ ಹೊಟ್ಟೆಯೇ ಅರ್ಧ ಎಂದು ನಂಬಿ ಕೂರುತ್ತಿದ್ದವು;
ಕಾಡ್ಗಿಚ್ಚಿನ ದಿನ ಗುಡ್ಡದ ನೆತ್ತಿಯಿಂದ ಗಾರ್ಡು
"ಗಾಳಿ ಪಡುವಣಕ್ಕೆ ತಿರುಗಿ..." ಎನ್ನುವಷ್ಟರಲ್ಲಿ
ಸೆಟ್ಟು ಗರ್ರೆಂದು ಸುಮ್ಮನಾಗುತ್ತಿತ್ತು.
ಆ ಅರ್ಧ ಮಾತಿನ ಭಯ
ಅವರ ಕೈಯಲ್ಲಿ ಕೂತು ನಿಯಮವಾಗಿತ್ತು.

ಹಿಂಬದಿ ಬಿಚ್ಚಿದೆ. ಉಬ್ಬಿದೆ,
ಎಣ್ಣೆಗೆ ಬಿಟ್ಟ ಹಲಸಿನ ಹಪ್ಪಳದ ಅಂಚಿನಷ್ಟು.
ಮೀಟರು ತೋರಿಸಿದ್ದು ಒಂದೂ ಮುಕ್ಕಾಲು ವೋಲ್ಟು.
ಅಷ್ಟು ಆಳಕ್ಕಿಳಿದದ್ದನ್ನು ಸಣ್ಣ ಕರೆಂಟು ಕೊಟ್ಟು
ಎಬ್ಬಿಸುವವರಿದ್ದಾರೆ. ನಾನು ಎಬ್ಬಿಸುವುದಿಲ್ಲ.
ಒಳಗೆ ತಾಮ್ರ ಕರಗಿ ಎಲ್ಲೆಲ್ಲಿ ಹೋಗಿ ಕೂತಿದೆಯೋ;
ದಿಂಬಿನ ಪಕ್ಕ ಮಲಗುವ ವಸ್ತು.

"ಸೂಜಿ ಹಾಕಿ ಗಾಳಿ ಬಿಟ್ಟರೆ?" ಎಂದರು.
"ಬೆಂಕಿ ಬಿಡುತ್ತೆ" ಎಂದೆ.
ಪೇಂಟ್ ಡಬ್ಬಿಯ ಮರಳಲ್ಲಿ ಹೂತೆ. ಅದರಲ್ಲಾಗಲೇ
ಬಚ್ಚಲೊಲೆಯ ಮೇಲೆ ಒಣಗಿಸಿದ ಟೀಚರಮ್ಮನದು,
ಜೀಪಿನ ಗಾಜಿನ ಹಿಂದೆ ಬೆಂದ ತಾಳಗುಪ್ಪದ ಡ್ರೈವರನದು,
ಮತ್ತೆ, ಹೇಳಬಾರದು, ಅವರ ನಿಯಮ ನಂಬಿ
ಮೊದಲ ವರ್ಷ ನಾನೇ ಕೊಂದ ಮೂರು.

ಹೇಗೆ ಹೇಳುವುದು?
ಹೊಸದನ್ನು ಕೂರಿಸುತ್ತಾ, ಸ್ಕ್ರೂಗಳಿಗೆ ಹೇಳಿದಂತೆ ಹೇಳಿದೆ:
ಇದು ಲಿಥಿಯಂ. ಇದಕ್ಕೆ ನೆನಪಿನ ರೋಗವಿಲ್ಲ ಸರ್.
ಉಪವಾಸ ತಡೆಯೋದಿಲ್ಲ, ಹೊಟ್ಟೆ ಬಿರಿಯ ಉಣ್ಣೋದೂ ಆಗದು.
ಇಪ್ಪತ್ತು ಮೂವತ್ತಕ್ಕೆ ಚುಚ್ಚಿ, ಎಂಬತ್ತಕ್ಕೆ ಕಿತ್ತರೆ ಬಾಳುತ್ತೆ.
ಚಾರ್ಜಿಗಿಟ್ಟಾಗ ಕಂಬಳಿ ಹೊದಿಸಬೇಡಿ.
ತಿಂಗಳುಗಟ್ಟಲೆ ಬೀರುವಿನಲ್ಲಿಡುವುದಾದರೆ ಅರ್ಧ ತುಂಬಿಸಿಡಿ.
ಇಷ್ಟೆಲ್ಲ ನೋಡಿಕೊಂಡರೂ
ಇಟ್ಟಲ್ಲೇ, ಸುಮ್ಮನೆ, ಸ್ವಲ್ಪ ಸ್ವಲ್ಪ ಮುದಿಯಾಗುತ್ತೆ.

ಪಕ್ಕದಲ್ಲಿ ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು.
"ಹಾಗಾದ್ರೆ ನಾನು ಬರೆದುಕೊಟ್ಟಿದ್ದು ತಪ್ಪು."
"ಆ ಸೆಲ್ಲಿಗೆ ಸರಿಯಿತ್ತು ಸರ್."
"ಪುಸ್ತಕ ಕೊಡು."
ಹಸಿರು ಸಾಲಿನ ಮುಂದೆ, ನನ್ನ ನೀಲಿ ಪೆನ್ನಲ್ಲಿ
"ನಿಕ್ಕಲ್ಲಿಗೆ ಮಾತ್ರ" ಎಂದು ಬರೆದು
ಸಹಿ ಮಾಡಿ ತಾರೀಖು ಹಾಕಿದರು, ಇಲಾಖೆಯ ಅಭ್ಯಾಸ.
ಆರುನೂರೈವತ್ತು ಎಣಿಸಿಟ್ಟರು.
ಐವತ್ತು ಹಿಂದೆ ಕೊಟ್ಟರೆ ಮುಟ್ಟಲಿಲ್ಲ.

ಸಂಜೆ ಆರಕ್ಕೆ ಫೋನು.
"ಜಸಿಂತಾ, ಮೂವತ್ತೆಂಟು ತೋರಿಸ್ತಿದೆ.
ಇನ್ನೂ ಚೆನ್ನಾಗೇ ಉರೀತಿದೆ. ಈಗಲೇ ಹಾಕಿದ್ರೆ
ಏನೂ ಆಗಲ್ಲ ತಾನೆ?"
"ಹಾಕಿ ಸರ್."
ಆ ಕಡೆ ಬಹಳ ಹೊತ್ತು ಏನೂ ಇಲ್ಲ.
ಆಮೇಲೆ ಪ್ಲಗ್ಗು ಕೂತ ಸದ್ದು.
"ಹಾಕಿದೆ," ಎಂದರು. "ಓವರ್."