ಕರ್ಟನ್ ಅಳತೆ

ಬೊಳ್ಳಮ್ಮಕ್ಕ ಬಂದು, ಕುರ್ಚಿಯ ಮೇಲಿನ ನೂಲು ಒರೆಸಿ ಕೂತರು.
"ಕುಸುಮಾ, ನಾಲ್ಕು ಕಿಟಕಿಗೆ ಕರ್ಟನ್ ಆಗಬೇಕಿತ್ತು,
ಕಾಫಿ ಹಣ್ಣಿನ ಬಣ್ಣದ್ದು."
ಯಾವ ಮನೆಗೆ ಅಕ್ಕ, ಎಂದೆ.
"ಇದೇ ಮನೆಗೆ."

ದಸರೆಗೆ ಮೊದಲೇ ಹೋಂಸ್ಟೇ ಆಗಬೇಕಂತೆ.
ನಾನು ತಿಂಗಳಿಡೀ ತುಳಿದು ಕೊಡುವ ಏಳು ಸಾವಿರ
ಒಂದು ಶನಿವಾರ, ಒಂದು ಭಾನುವಾರಕ್ಕೆ
ಕಾರಿನಿಂದ ಇಳಿದವರು ಕೊಡುತ್ತಾರೆ.
ಅವರನ್ನು ಬೈಯಲಾರೆ. ಲೆಕ್ಕ ನನಗೂ ಬರುತ್ತದೆ.
ಅವರ ಜಾಗದಲ್ಲಿ ನಾನಿದ್ದರೆ
ನಾನೂ ಮೊದಲು ಎಬ್ಬಿಸುವುದು ಟೈಲರಮ್ಮನನ್ನೇ.

ಟೇಪು ತೆಗೆಯಲಿಲ್ಲ.
ಮುಂದಿನ ಕೋಣೆಯದ್ದು ನಲವತ್ತೆಂಟಕ್ಕೆ ಅರುವತ್ತು.
ಮಲಗುವ ಕೋಣೆಯವು ಎರಡೂ ಮೂವತ್ತಾರು.
ಅಡುಗೆಮನೆಯದ್ದು ಎಡಕ್ಕೆ ಒಂದಿಂಚು ಗಿಡ್ಡ,
ಆಚಾರಿಯ ತಪ್ಪೋ, ಗೋಡೆ ಕೂತದ್ದೋ.
ಹನ್ನೊಂದು ವರ್ಷ ಅಲ್ಲಿ ನಿಂತು ಹಾಲು ಉಕ್ಕಿಸಿದವಳಿಗಲ್ಲದೆ
ಬೇರೆಯವರಿಗೆ ಅದು ಗೊತ್ತಾಗುವುದಿಲ್ಲ.

ಮನೆ ಹುಡುಕಿದೆ. ರಾಣಿಪೇಟೆಯಲ್ಲಿ ಒಬ್ಬರು
"ಫ್ಯಾಮಿಲಿಗೆ ಮಾತ್ರ" ಎಂದರು.
ನಾನು, ಮಗಳು, ಒಂದು ಮೆಷಿನ್:
ಅದು ಫ್ಯಾಮಿಲಿ ಅಲ್ಲವಂತೆ.
ದೇಚೂರಿನಲ್ಲಿ ಇನ್ನೊಬ್ಬರು, "ಮಾಂಸ ಮಾಡುತ್ತೀರಾ?"
ಮಾಡುತ್ತೇವೆ, ದುಡ್ಡಿದ್ದಾಗ.

ಊರಿಗೆ ಹೋಗಿಬಿಡು, ಎಂದ ತಮ್ಮ ದೇವಿಪ್ರಸಾದ.
ಹೋಗುವುದಿಲ್ಲ.
ಹಳ್ಳಿ ಚೆಂದ ಅನ್ನುವವರು
ಬಾವಿಯ ಹಗ್ಗ ಹಿಡಿದವರಲ್ಲ.
ಗಂಡ ಬಿಟ್ಟುಹೋದ ವರ್ಷ ಊರಿನಲ್ಲಿ ದಿನಕ್ಕೆ ಹತ್ತು ಜನ
ಎಂತಕ್ಕೆ, ಎಂತಕ್ಕೆ, ಎಂದು ಕೇಳಿದರು.
ಮಡಿಕೇರಿಯಲ್ಲಿ ಕೇಳಿದ್ದು ಒಂದೇ:
ಬ್ಲೌಸ್ ಯಾವಾಗ ಸಿಗುತ್ತದೆ?
ಆ ಪ್ರಶ್ನೆ ನನ್ನನ್ನು ಬದುಕಿಸಿತು.
ಬಸ್‌ಸ್ಟ್ಯಾಂಡಿನ ದೀಪ ನನಗೆ ಇಷ್ಟ.
ಯಾರದ್ದೋ ಮಿಕ್ಸಿಯ ಸದ್ದಿಗೆ ಎಚ್ಚರಾಗುವುದು ಇಷ್ಟ.

ಧನ್ಯ ಮಂಗಳೂರಿನಲ್ಲಿ ನರ್ಸಿಂಗ್, ಎರಡನೇ ವರ್ಷ.
ಜೂನ್‌ನಲ್ಲಿ ಫೀ ಕಟ್ಟಲು ಹೋಗಿದ್ದೆ.
ಟ್ಯೂಷನ್, ಲ್ಯಾಬ್, ಲೈಬ್ರರಿ, ಯೂನಿಫಾರಂ.
ಯೂನಿಫಾರಂ ನಾನೇ ಹೊಲಿಯುತ್ತೇನೆ ಎಂದೆ,
ಇಲ್ಲಿಯದ್ದನ್ನೇ ತೊಡಬೇಕಂತೆ. ಮುಟ್ಟಿ ನೋಡಿದೆ,
ಕಂಕುಳಲ್ಲಿ ಒಂದೇ ಹೊಲಿಗೆ, ಆರು ತಿಂಗಳಿಗೆ ಬಿಚ್ಚುವಂಥದ್ದು.
ಕೊನೆಯ ಸಾಲಿನಲ್ಲಿ: ಇತರೆ, ಹನ್ನೊಂದು ಸಾವಿರ.
ಇತರೆ ಎಂದರೆ ಎಂತ, ಎಂದು ಕೌಂಟರಿನಲ್ಲಿ ಕೇಳಿದೆ.
ಆ ಹುಡುಗಿ ಕಂಪ್ಯೂಟರ್ ನೋಡಿ, ನನ್ನನ್ನು ನೋಡಿ,
"ಇತರೆ" ಎಂದಳು.
ಓಲೆ ಬಿಚ್ಚಿದ ಕಿವಿ ಮುಟ್ಟಿಕೊಂಡು ಬಸ್ಸು ಹತ್ತಿದೆ.

ಹಾಸ್ಟೆಲಿನ ಸಾರು ನೀರಂತೆ.
ಫೋನಿನಲ್ಲಿ ಅವಳು ಕೇಳುವುದು, ಇವತ್ತು ಎಂತ ಮಾಡಿದೆ?
ನಿನ್ನೆಯ ರೇಷನ್ ಅನ್ನ ನಾದಿ ರೊಟ್ಟಿ,
ಒಣ ಸಿಗಡಿ ಚಟ್ನಿ.
ಸುಮ್ಮನಾಗುತ್ತಾಳೆ.
ಅವಳ ಬಾಯಲ್ಲಿ ನೀರು ಬಂದದ್ದು ನನಗೆ ಕೇಳಿಸುತ್ತದೆ.
ಶುಕ್ರವಾರದ ಸಂತೆಯಲ್ಲಿ ಉಸ್ಮಾನ್ ಕಾಕ ಸಿಗಡಿ ತೂಗುವಾಗ
ತಕ್ಕಡಿ ಏರಿದ ಮೇಲೂ ಇನ್ನೊಂದು ಚಿಟಿಕೆ ಹಾಕುತ್ತಾರೆ.
ಅದಕ್ಕೆ ಅವರು ಹೆಸರಿಟ್ಟಿಲ್ಲ.

ಅದೇ ರೊಟ್ಟಿ ಇನ್ನು ಈ ಅಡುಗೆಮನೆಯಲ್ಲಿ ನಲವತ್ತು ರೂಪಾಯಿ.
"ಬೆಳಿಗ್ಗೆ ಬಂದು ಮಾಡಿಕೊಡುತ್ತೀಯಾ, ಕುಸುಮಾ?
ಬೋರ್ಡಿನಲ್ಲಿ 'ಮನೆಯೂಟ' ಎಂದು ಬರೆಸಿದ್ದೇನೆ."
ಯಾರ ಮನೆಯ ಊಟ ಅಕ್ಕ ಎಂದು ಕೇಳಲಿಲ್ಲ.
ನೋಡುವ ಎಂದೆ.
ಬಹುಶಃ ಹೋಗುತ್ತೇನೆ. ಡಿಸೆಂಬರಿನಲ್ಲಿ ಪರೀಕ್ಷೆ ಫೀ ಇದೆ.

ಮೊನ್ನೆ ಕರ್ಟನ್ ಮುಗಿಯಿತು. ಬಿಲ್ ಬರೆದೆ:
ಬಟ್ಟೆ, ಹೊಲಿಗೆ, ರಿಂಗು.
ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಮೊದಲ ಸಲ
ಕೆಳಗೆ ಬರೆದೆ: ಇತರೆ, ಐನೂರು.

ಬೊಳ್ಳಮ್ಮಕ್ಕ ಕನ್ನಡಕ ಏರಿಸಿದರು.
"ಇದು ಎಂತ, ಇತರೆ?"
ಅಡುಗೆಮನೆ ಕಿಟಕಿಯ ಎಡಗಡೆ
ಒಂದಿಂಚು ಗಿಡ್ಡ ಹೊಲಿದ ಕರ್ಟನ್
ನೆಲಕ್ಕೆ ನೇರವಾಗಿ, ತೆಪ್ಪಗೆ ನಿಂತಿತ್ತು.
ಅದನ್ನು ತೋರಿಸಬಹುದಿತ್ತು.
ತೋರಿಸಲಿಲ್ಲ.
"ಇತರೆ, ಅಕ್ಕ" ಎಂದೆ.

ನಾನೂರು ಕೊಟ್ಟರು.